ವರಪ್ರಸಾದವೂ ಶಿಸ್ತೂ: ಮೈಸೂರು ಮಿಷನ್ನಿನ ಇತಿಹಾಸದಿಂದ ಒಂದು ಪಾಠ



ತಪಸ್ಸುಕಾಲ ಬಂತೆಂದರೆ ನಮ್ಮಲ್ಲಿ ಬಹಳ ಮಂದಿ ಏನಾದರೊಂದು ನಿರ್ಧಾರ ಮಾಡುತ್ತೇವೆ. ಮಾಂಸ ಬಿಡುತ್ತೇನೆ, ದಿನಾ ಜಪಸರ ಹೇಳುತ್ತೇನೆ, ರಾತ್ರಿ ಮೊಬೈಲು ನೋಡುವುದಿಲ್ಲ, ಬಾಯಲ್ಲಿ ಕೆಟ್ಟ ಮಾತು ಬರದಂತೆ ನೋಡಿಕೊಳ್ಳುತ್ತೇನೆ. ಮೊದಲ ವಾರ ಚೆನ್ನಾಗಿ ನಡೆಯುತ್ತದೆ. ಎರಡನೆಯ ವಾರದಲ್ಲಿ ಒಂದು ದಿನ ತಪ್ಪುತ್ತದೆ, ಮೂರನೆಯ ವಾರಕ್ಕೆ ನಿರ್ಧಾರವೇ ಮರೆತಿರುತ್ತದೆ. ಆಮೇಲೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಬ್ಬರು, "ದೇವರಿಗೆ ನಮ್ಮ ಮನಸ್ಸು ಗೊತ್ತು, ಎಲ್ಲಾ ಅವರ ಕೃಪೆ, ನಾವು ಮಾಡೋದು ಏನಿದೆ" ಅನ್ನುತ್ತಾರೆ. ಇನ್ನೊಬ್ಬರು ಏನೂ ಹೇಳುವುದಿಲ್ಲ. ಸುಮ್ಮನೆ ಚರ್ಚಿಗೆ ಬರುವುದನ್ನು ನಿಲ್ಲಿಸಿಬಿಡುತ್ತಾರೆ. ಕೇಳಿದರೆ, "ನನಗೆ ಯಾವ ಮುಖ ಇದೆ" ಅನ್ನುತ್ತಾರೆ.

ಮೊದಲನೆಯವರು ಶಿಸ್ತನ್ನು ಬಿಟ್ಟು ವರಪ್ರಸಾದವನ್ನು ಮಾತ್ರ ಹಿಡಿದಿದ್ದಾರೆ. ಎರಡನೆಯವರು ಶಿಸ್ತನ್ನೇ ದೊಡ್ಡದು ಮಾಡಿಕೊಂಡು ವರಪ್ರಸಾದವನ್ನು ಕೈಬಿಟ್ಟಿದ್ದಾರೆ. ಇಬ್ಬರೂ ನಮ್ಮವರೇ. ಹೀಗೆ ದೂರ ಸರಿಯುವವರಲ್ಲಿ ನಮ್ಮ ವಯಸ್ಸಿನವರೇ ಹೆಚ್ಚು. ಆದ್ದರಿಂದ ಈ ವಿಷಯವನ್ನು ಉಪದೇಶವಾಗಿ ಅಲ್ಲ, ಇತಿಹಾಸವಾಗಿ ನೋಡೋಣ. ಗೆಟ್ಟವಾಡಿ, ತಾಳವಾಡಿಯಂಥ ಊರುಗಳು ಇರುವುದು ಎರಡು ಸೀಮೆಗಳ ನಡುವಿನ ಬೆಟ್ಟದ ಮೇಲೆ. ಕೆಳಗೆ ಸತ್ಯಮಂಗಲ, ಮೇಲೆ ಚಾಮರಾಜನಗರ, ಅದರಾಚೆ ಮೈಸೂರು, ಶ್ರೀರಂಗಪಟ್ಟಣ. 17ನೆಯ ಶತಮಾನದಲ್ಲಿ ಕನ್ನಡ ನಾಡಿನ ಒಳಭಾಗಕ್ಕೆ ಶುಭಸಂದೇಶ ತಂದ ಹಳೆಯ 'ಮೈಸೂರು ಮಿಷನ್' ಬೆಳೆದದ್ದು ಈ ಸೀಮೆಗಳಲ್ಲೇ. ಆ ಮಿಷನ್ನಿನ ಕಥೆಯಲ್ಲಿ ನಮ್ಮ ಪ್ರಶ್ನೆಗೆ ಬೇಕಾದ ಉತ್ತರವಿದೆ.

ಹಳೆಯ ಜಗಳ

ಮೊದಲು ಸ್ವಲ್ಪ ಹಿನ್ನೆಲೆ. 5ನೆಯ ಶತಮಾನದ ಆರಂಭದಲ್ಲಿ ರೋಮಿನಲ್ಲಿ ಪೆಲಾಜಿಯಸ್ ಎಂಬ ಸಂನ್ಯಾಸಿ ಇದ್ದರು. ಕ್ರೈಸ್ತರೆಂದು ಹೇಳಿಕೊಳ್ಳುವವರ ಸಡಿಲ ಬದುಕನ್ನು ನೋಡಿ ಅವರಿಗೆ ಬೇಸರವಾಗಿತ್ತು. ಮನುಷ್ಯ ಮನಸ್ಸು ಮಾಡಿದರೆ ತನ್ನ ಬಲದಿಂದಲೇ ಪಾಪವಿಲ್ಲದೆ ಬಾಳಬಹುದು ಎಂದು ಅವರು ಕಲಿಸಿದರು. ಕೇಳಲು ಒಳ್ಳೆಯ ಮಾತು. ಆದರೆ ಉತ್ತರ ಆಫ್ರಿಕದ ಹಿಪ್ಪೋ ನಗರದ ಧರ್ಮಾಧ್ಯಕ್ಷ ಸಂತ ಅಗಸ್ಟಿನರು ಅದನ್ನು ಒಪ್ಪಲಿಲ್ಲ. ಯೌವನದಲ್ಲಿ ವರ್ಷಗಟ್ಟಲೆ ತನ್ನ ಕೆಟ್ಟ ಅಭ್ಯಾಸಗಳನ್ನು ಬಿಡಲಾಗದೆ ಒದ್ದಾಡಿದವರು ಅವರು. ಇಚ್ಛೆಗೇ ಗಾಯವಾಗಿದೆ, ದೇವರು ಮೊದಲು ಕೈಹಿಡಿಯದೆ ನಾವು ಏಳಲಾರೆವು ಎಂಬುದು ಅವರ ಅನುಭವ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ ಪೆಲಾಜಿಯಸರ ಬೋಧನೆಯನ್ನು ತಿರಸ್ಕರಿಸಿತು. 529ರಲ್ಲಿ ಆರೆಂಜ್ ಸಭೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಂಬಿಕೆಯ ಮೊದಲ ಹೆಜ್ಜೆಯೂ ವರಪ್ರಸಾದವೇ ಎಂದಿತು.

ಹಾಗಾದರೆ ನಮ್ಮ ಪಾಲಿನ ಕೆಲಸ ಏನೂ ಇಲ್ಲವೇ? ಇದೆ. 1547ರ ಜನವರಿಯಲ್ಲಿ ಟ್ರೆಂಟ್ ಮಹಾಸಭೆ ಎರಡನ್ನೂ ಜೋಡಿಸಿ ಹೇಳಿತು. ದೇವರೇ ಮೊದಲು ಕರೆಯುತ್ತಾರೆ, ನಮ್ಮ ಯೋಗ್ಯತೆ ನೋಡಿ ಅಲ್ಲ. ಆದರೆ ಆ ಕರೆಗೆ ಮನುಷ್ಯ ಕಲ್ಲಿನಂತೆ ಬಿದ್ದಿರಬೇಕಾಗಿಲ್ಲ. ಅವನು ಒಪ್ಪಬಹುದು, ಸಹಕರಿಸಬಹುದು, ನಿರಾಕರಿಸಲೂಬಹುದು. ಸಂತ ಪೌಲರು ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿ 12, 13ನೆಯ ವಚನಗಳನ್ನು ಓದಿ ನೋಡಿ. ಒಂದು ವಚನ ನಿಮ್ಮ ಉದ್ಧಾರಕ್ಕಾಗಿ ದುಡಿಯಿರಿ ಎನ್ನುತ್ತದೆ. ಅದರ ಬೆನ್ನಿಗೇ ಇರುವ ವಚನ, ನಿಮ್ಮೊಳಗೆ ಇದ್ದು ದುಡಿಯುವವರು ದೇವರೇ ಎನ್ನುತ್ತದೆ. ಎರಡರ ನಡುವೆ 'ಆದರೆ' ಇಲ್ಲ, 'ಏಕೆಂದರೆ' ಇದೆ.

ಈ ಪ್ರಶ್ನೆ ಕ್ರೈಸ್ತರಿಗೆ ಮಾತ್ರ ಬಂದದ್ದಲ್ಲ. ನಮ್ಮ ನೆರೆಯ ಶ್ರೀವೈಷ್ಣವರಲ್ಲೂ ಇದೇ ಚರ್ಚೆ ನಡೆದು ವಡಗಲೆ, ತೆಂಗಲೆ ಎಂಬ ಎರಡು ಪಂಗಡಗಳಾದವು. ಮಂಗನ ಮರಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳಬೇಕು. ಬೆಕ್ಕಿನ ಮರಿ ಸುಮ್ಮನಿದ್ದರೂ ತಾಯಿಯೇ ಬಾಯಲ್ಲಿ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಭಕ್ತ ಯಾರಂತೆ ಇರಬೇಕು ಎಂಬುದು ಅವರ ವಾದ. ಕಥೋಲಿಕ ಧರ್ಮಸಭೆಯ ಬೋಧನೆಯನ್ನು ಇದೇ ಹೋಲಿಕೆಯಲ್ಲಿ ಹೇಳುವುದಾದರೆ, ಮೊದಲು ಎತ್ತಿಕೊಳ್ಳುವುದು ತಾಯಿ. ಎತ್ತಿಕೊಂಡ ಮೇಲೆ ಹಿಡಿದುಕೊಳ್ಳಲು ಮರಿಗೆ ಕೈಯಲ್ಲಿ ಬಲ ಬರುತ್ತದೆ.

ಕಾವಿ ಉಟ್ಟ ಗುರುಗಳು

ಈಗ ನಮ್ಮ ಸೀಮೆಗೆ ಬರೋಣ. 1606ರಲ್ಲಿ ಮಧುರೈಗೆ ಬಂದ ಯೇಸುಸಭೆಯ ರಾಬರ್ಟ್ ದೆ ನೊಬಿಲಿಯವರು ಸಂನ್ಯಾಸಿಯ ಉಡುಪು ತೊಟ್ಟು, ಮಾಂಸ, ಮದ್ಯ ಬಿಟ್ಟು, ತಮಿಳು, ಸಂಸ್ಕೃತ ಕಲಿತು ಬಾಳಿದರು. ಅದೇ ದಾರಿ ಹಿಡಿದ ಇಟಲಿಯ ಲಿಯೊನಾರ್ಡೊ ಚಿನ್ನಮಿಯವರು 17ನೆಯ ಶತಮಾನದ ನಡುವಿನಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಆರಂಭಿಸಿದರು. ಕನ್ನಡ ಕಲಿತು ಕನ್ನಡದಲ್ಲೇ ಧರ್ಮೋಪದೇಶ ಬರೆದರು. ಕನ್ನಡ ವ್ಯಾಕರಣ, ಶಬ್ದಕೋಶದ ಕೆಲಸವನ್ನೂ ಮಾಡಿದರು. 1676ರಲ್ಲಿ ತೀರಿಕೊಂಡರು. ನಮ್ಮ ಬೆಟ್ಟದ ಕೆಳಗಿನ ಸತ್ಯಮಂಗಲವೂ ಆ ಮಿಷನ್ನಿನ ಮುಖ್ಯ ನೆಲೆಗಳಲ್ಲಿ ಒಂದಾಗಿತ್ತು.

ಅವರ ಬದುಕು ಎಷ್ಟು ಕಠಿಣವಾಗಿತ್ತೆಂದು ಊಹಿಸಿಕೊಳ್ಳಿ. ಬೆಟ್ಟ, ಕಾಡು, ಚಳಿಜ್ವರ. ಕಾಲ್ನಡಿಗೆ. ಅನ್ನ, ಸೊಪ್ಪು, ಹಾಲು. ಹುಟ್ಟಿದ ಊರಿನ ಮಾತು ಆಡಲು ಒಬ್ಬರೂ ಇಲ್ಲ. ಆದರೆ ಈ ಶಿಸ್ತು ದೇವರನ್ನು ಮೆಚ್ಚಿಸಿ ಏನನ್ನೋ ಗಳಿಸಿಕೊಳ್ಳಲು ಅಲ್ಲ. ಈ ನಾಡಿನಲ್ಲಿ ಜನ ಗುರುವಿನ ಮಾತಿಗಿಂತ ಮೊದಲು ಗುರುವಿನ ನಡತೆ ನೋಡುತ್ತಾರೆ. ಊಟ, ಉಡುಪು, ನಡೆಗಳಲ್ಲಿ ಹತೋಟಿ ಇಲ್ಲದವನ ಬಾಯಿಂದ ದೇವರ ವಿಷಯ ಯಾರೂ ಕೇಳುವುದಿಲ್ಲ. ಹಾಗಾಗಿ ಅವರ ಶಿಸ್ತು ಇನ್ನೊಬ್ಬರಿಗಾಗಿ ತೆರೆದಿಟ್ಟ ಬಾಗಿಲಾಗಿತ್ತು. ಒಳಗೆ ಬರುವ ಕೆಲಸವನ್ನು ವರಪ್ರಸಾದಕ್ಕೆ ಬಿಟ್ಟಿದ್ದರು.

ಅದೇ ಕಾಲದಲ್ಲಿ ಯೂರೋಪಿನಲ್ಲಿ ಏನಾಗುತ್ತಿತ್ತು ನೋಡಿ. ಧರ್ಮಾಧ್ಯಕ್ಷ ಜಾನ್ಸೆನ್ ಅವರು ಅಗಸ್ಟಿನರ ಬಗ್ಗೆ ಬರೆದ ದೊಡ್ಡ ಗ್ರಂಥ 1640ರಲ್ಲಿ, ಅವರು ತೀರಿಕೊಂಡ ಮೇಲೆ, ಪ್ರಕಟವಾಯಿತು. ವರಪ್ರಸಾದದ ಹೆಸರಿನಲ್ಲಿ ಫ್ರಾನ್ಸಿನ ಧರ್ಮಸಭೆ ಎರಡು ಭಾಗವಾಗಿ ಕಚ್ಚಾಡಿತು. ಜಾನ್ಸೆನರ ಅನುಯಾಯಿಗಳು ವರಪ್ರಸಾದವನ್ನು ಬಹಳ ಎತ್ತರದಲ್ಲಿಟ್ಟರು, ಆದರೆ ಅದು ಕೆಲವರಿಗೆ ಮಾತ್ರ ಎಂಬ ಭಾವನೆ ಬರುವಂತೆ ಮಾಡಿದರು. 1643ರಲ್ಲಿ ಅವರಲ್ಲೊಬ್ಬರಾದ ಆರ್ನೋ ಬರೆದ ಪುಸ್ತಕದ ಪ್ರಭಾವದಿಂದ, ನಾನು ಯೋಗ್ಯನಲ್ಲ ಎಂದು ಪರಮಪ್ರಸಾದದಿಂದ ದೂರ ಉಳಿಯುವುದೇ ಭಕ್ತಿ ಎಂದು ಜನ ತಿಳಿದರು. 1653ರಲ್ಲಿ ವಿಶ್ವಗುರು ಹತ್ತನೆಯ ಇನ್ನೊಸೆಂಟರು ಜಾನ್ಸೆನರ ಬೋಧನೆಯ ಐದು ಹೇಳಿಕೆಗಳನ್ನು ಖಂಡಿಸಿದರೂ ಆ ಭಯ ಬಹುಕಾಲ ಉಳಿಯಿತು. 1905ರಲ್ಲಿ ಹತ್ತನೆಯ ಭಕ್ತಿನಾಥರು, ಅಂದರೆ ಪೋಪ್ ಹತ್ತನೆಯ ಪಯಸರು, ಪರಮಪ್ರಸಾದವನ್ನು ಮೇಲಿಂದ ಮೇಲೆ, ಸಾಧ್ಯವಾದರೆ ದಿನವೂ, ಸ್ವೀಕರಿಸಿ ಎಂದು ಅಪ್ಪಣೆ ಹೊರಡಿಸಬೇಕಾಯಿತು. ಅದು ಒಳ್ಳೆಯವರಿಗೆ ಕೊಡುವ ಬಹುಮಾನವಲ್ಲ, ಬಲಹೀನರಿಗೆ ಕೊಡುವ ಔಷಧ ಎಂಬುದು ಅದರ ಸಾರ.

ಇದಕ್ಕೆ ತದ್ವಿರುದ್ಧವಾಗಿ ರೋಮಿನಲ್ಲಿ ಮೊಲಿನೋಸ್ ಎಂಬ ಗುರು, ಆತ್ಮ ಪೂರ್ತಿ ಸುಮ್ಮನಾಗಬೇಕು, ತನ್ನ ಕಡೆಯಿಂದ ಯಾವ ಪ್ರಯತ್ನವನ್ನೂ ಮಾಡಬಾರದು ಎಂದು ಕಲಿಸಿದರು. 1687ರಲ್ಲಿ ಅದೂ ತಪ್ಪೆಂದು ತೀರ್ಮಾನವಾಯಿತು. ಅದರ ಹಿಂದಿನ ವರ್ಷ, 1686ರಲ್ಲಿ, ಮಧುರೈ ಮಿಷನ್ನಿನ ಸಂತ ಜಾನ್ ದೆ ಬ್ರಿಟ್ಟೊ ಅವರು ಮರವರ ಸೀಮೆಯಲ್ಲಿ ಸೆರೆಸಿಕ್ಕು ಚಿತ್ರಹಿಂಸೆ ಅನುಭವಿಸಿದರು. ತಮಿಳರು ಅವರನ್ನು ಅರುಳಾನಂದರ್ ಎನ್ನುತ್ತಾರೆ. ಗಡಿಯಲ್ಲಿರುವ ನಮಗೆ ಆ ಮಾತಿನ ಅರ್ಥ ಬೇರೆ ಹೇಳಬೇಕಾಗಿಲ್ಲ. 'ಅರುಳ್' ಅಂದರೆ ಕೃಪೆ. ಅಷ್ಟು ಕಠೋರ ತಪಸ್ಸಿನ ಮನುಷ್ಯನ ಹೆಸರಿನಲ್ಲೇ ಕೃಪೆ ಇತ್ತು.

ಅವರ ಮರಣದ ಕಾರಣವೂ ನಮ್ಮ ವಿಷಯಕ್ಕೆ ಸೇರಿದ್ದು. ತಡಿಯ ತೇವರ್ ಎಂಬ ರಾಜವಂಶದವರು ಕಾಯಿಲೆಯಿಂದ ಗುಣವಾಗಿ ಕ್ರಿಸ್ತರನ್ನು ನಂಬಿದರು. ಗುಣವಾದದ್ದು ಉಚಿತವಾಗಿ, ಯಾವ ಷರತ್ತೂ ಇಲ್ಲದೆ. ಆದರೆ ದೀಕ್ಷಾಸ್ನಾನಕ್ಕೆ ಬಂದಾಗ ಬ್ರಿಟ್ಟೊ ಅವರು ಒಬ್ಬಳೇ ಹೆಂಡತಿ ಎಂಬ ನಿಯಮವನ್ನು ಸಡಿಲಿಸಲಿಲ್ಲ. ತೇವರ್ ಅದಕ್ಕೆ ಒಪ್ಪಿ ಮೊದಲ ಹೆಂಡತಿಯನ್ನು ಮಾತ್ರ ಉಳಿಸಿಕೊಂಡರು. ಬಿಡಲ್ಪಟ್ಟವರಲ್ಲಿ ಒಬ್ಬಾಕೆ ರಾಮನಾಡಿನ ಸೇತುಪತಿಯ ಬಂಧು. ದೂರು ಹೋಯಿತು, ಬ್ರಿಟ್ಟೊ ಬಂಧಿತರಾದರು, 1693ರ ಫೆಬ್ರವರಿ 4ರಂದು ಓರಿಯೂರಿನಲ್ಲಿ ತಲೆ ಕಡಿಸಿಕೊಂಡರು. 1947ರಲ್ಲಿ ಸಂತರೆಂದು ಘೋಷಿಸಲ್ಪಟ್ಟರು. ವರಪ್ರಸಾದ ಬಿಟ್ಟಿಯಾಗಿ ಬರುತ್ತದೆ, ಆದರೆ ಬಂದ ಮೇಲೆ ಮನೆಯನ್ನು ಇದ್ದ ಹಾಗೇ ಬಿಡುವುದಿಲ್ಲ.

ಬಿದ್ದವರು ಎದ್ದ ಕಥೆ

1773ರಲ್ಲಿ ಯೇಸುಸಭೆಯನ್ನೇ ರದ್ದು ಮಾಡಲಾಯಿತು. ಕೆಲವೇ ವರ್ಷಗಳಲ್ಲಿ ಮೈಸೂರು ಮಿಷನ್ ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಸ್ಥೆಯ ಕೈಗೆ ಬಂತು. ಆ ಸಂಸ್ಥೆಯ ಅಬ್ಬೆ ದ್ಯುಬ್ವಾ ಎಂಬ ಯುವ ಗುರು 1792ರಲ್ಲಿ ಗುರುದೀಕ್ಷೆ ಪಡೆದು ಭಾರತಕ್ಕೆ ಹೊರಟರು. ಫ್ರಾನ್ಸಿನಲ್ಲಿ ಕ್ರಾಂತಿಯ ಬೆಂಕಿ ಹೊತ್ತಿದ್ದ ಕಾಲ ಅದು. ಇಲ್ಲಿಗೆ ಬಂದು ಅವರು ಬಿಳಿ ನಿಲುವಂಗಿ, ಪೇಟ, ಕೈಯಲ್ಲೊಂದು ಬಿದಿರು ಕೋಲು ಹಿಡಿದು ಹಳ್ಳಿಗಳನ್ನು ಸುತ್ತಿದರು. ಊಟ, ನಡೆ, ನುಡಿ ಎಲ್ಲವೂ ಈ ನಾಡಿನದೇ. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು.

ಆಗ ಮೈಸೂರು ಸೀಮೆಯ ಕ್ರೈಸ್ತರ ಸ್ಥಿತಿ ಚದುರಿಹೋಗಿತ್ತು. 1784ರಲ್ಲಿ ಟಿಪ್ಪು ಸುಲ್ತಾನರ ಅಪ್ಪಣೆಯಂತೆ ಕರಾವಳಿಯ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬರಲಾಗಿತ್ತು. ರಾಜಕೀಯ, ಯುದ್ಧ, ಅನುಮಾನ ಎಲ್ಲವೂ ಸೇರಿದ ಕಾಲ. ದಾರಿಯಲ್ಲಿ ಸತ್ತವರು ಬಹಳ. ಬದುಕಿದವರಲ್ಲಿ ಅನೇಕರಿಗೆ ಬಲವಂತದ ಮತಾಂತರವಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಜನ ಹೊರಬಂದರು. ಹದಿನೈದು ವರ್ಷ ಬಲಿಪೂಜೆ ಇಲ್ಲ, ಪಾಪನಿವೇದನೆ ಇಲ್ಲ, ಹುಟ್ಟಿದ ಮಕ್ಕಳಿಗೆ ದೀಕ್ಷಾಸ್ನಾನ ಇಲ್ಲ. ಹೊರಗಿನ ಬದುಕಿನಲ್ಲಿ ಅವರು ಕ್ರೈಸ್ತರೇ ಅಲ್ಲ. ಆ ಸಮುದಾಯವನ್ನು ಮತ್ತೆ ಕಟ್ಟಲು ದೊಡ್ಡಸ್ವಾಮಿಯವರಿಗೆ ಕರೆ ಬಂತು.

ಧರ್ಮಸಭೆಗೆ ಈ ಪ್ರಶ್ನೆ ಹೊಸದಲ್ಲ. 250ರಲ್ಲಿ ರೋಮಿನ ಚಕ್ರವರ್ತಿ ಡೇಸಿಯಸ್, ಎಲ್ಲರೂ ರಾಜ್ಯದ ದೇವರುಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞೆ ಮಾಡಿದಾಗ ಬಹಳ ಕ್ರೈಸ್ತರು ಹೆದರಿ ಅರ್ಪಿಸಿದರು. ಹಿಂಸೆ ಮುಗಿದ ಮೇಲೆ ಅವರು ಅಳುತ್ತಾ ವಾಪಸು ಬಂದರು. ನೊವೇಷಿಯನ್ ಎಂಬವರು, ಇಂಥವರನ್ನು ಸೇರಿಸಿಕೊಳ್ಳಲೇ ಕೂಡದು ಎಂದರು. ಇನ್ನು ಕೆಲವರು, ಏನೂ ಕೇಳದೆ ಇವತ್ತೇ ಸೇರಿಸಿಕೊಳ್ಳಿ ಎಂದರು. ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯನರು ಎರಡನ್ನೂ ಒಪ್ಪಲಿಲ್ಲ. 251ರಲ್ಲಿ ಅವರ ನೇತೃತ್ವದ ಸಭೆ ಬಾಗಿಲು ತೆರೆದಿಟ್ಟಿತು, ಜೊತೆಗೆ ಪ್ರಾಯಶ್ಚಿತ್ತದ ಅವಧಿಯನ್ನೂ ಇಟ್ಟಿತು. ಬಾಗಿಲು ವರಪ್ರಸಾದ, ಪ್ರಾಯಶ್ಚಿತ್ತ ಶಿಸ್ತು. ಗಾಯ ವಾಸಿಯಾಗಲು ಎರಡೂ ಬೇಕು.

ದೊಡ್ಡಸ್ವಾಮಿಯವರೂ ಹಾಗೆಯೇ ನಡೆದುಕೊಂಡರು. ಅವರ ಲೇಖನಿ ಮಾತ್ರ ಬಹಳ ಒರಟು. ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಎದೆಗೊಟ್ಟು ನಿಂತು ರಕ್ತಸಾಕ್ಷಿಯಾಗಲಿಲ್ಲವಲ್ಲ ಎಂದು ಅವರು ನಾಚಿಕೆಯಿಂದ ಬರೆದರು. ಸಂಕೋಲೆಯಲ್ಲಿ, ಹೆಂಡತಿ ಮಕ್ಕಳ ಮುಂದೆ, ಆ ಜನ ಏನು ಅನುಭವಿಸಿದರೆಂದು ನೆನೆದರೆ ಈ ಮಾತು ನಮಗೆ ಕಠೋರ ಅನಿಸುತ್ತದೆ. ಆದರೆ ಅದೇ ಜನ, ನಮ್ಮ ಹೃದಯದಲ್ಲಿ ನಂಬಿಕೆ ಇತ್ತು ಎಂದು ಹೇಳಿಕೊಂಡು ಬಂದಾಗ ಅವರು ಯಾರನ್ನೂ ಹೊರಗೆ ನಿಲ್ಲಿಸಲಿಲ್ಲ. ಸಂಧಾನ ಸಂಸ್ಕಾರ ಕೊಟ್ಟು ಸೇರಿಸಿಕೊಂಡರು. ಅಷ್ಟಕ್ಕೇ ಬಿಡಲಿಲ್ಲ. ನೆಲೆ ಇಲ್ಲದ ಕ್ರೈಸ್ತರಿಗೆ ದುಡಿದು ತಿನ್ನುವ ದಾರಿ ಮಾಡಲು ಬೇಸಾಯದ ಊರುಗಳನ್ನು ಕಟ್ಟಿದರು. ಹಾಸನ ಸೀಮೆಯ ಸತ್ತಿಹಳ್ಳಿ ಅವುಗಳಲ್ಲಿ ಮುಖ್ಯವಾದದ್ದು. ಕ್ಷಮೆ ಪಡೆದವನಿಗೆ ಮರುದಿನ ಬೆಳಿಗ್ಗೆ ಹಿಡಿಯಲು ಒಂದು ನೇಗಿಲು ಬೇಕೆಂದು ಅವರಿಗೆ ಗೊತ್ತಿತ್ತು.

ದೊಡ್ಡಸ್ವಾಮಿಯವರ ಲೆಕ್ಕ

ಇಲ್ಲಿಂದ ಮುಂದಿನದು ಸ್ವಲ್ಪ ನೋವಿನ ಕಥೆ. 1823ರ ಜನವರಿಯಲ್ಲಿ, ಸುಮಾರು 31 ವರ್ಷದ ಸೇವೆಯ ನಂತರ, ದೊಡ್ಡಸ್ವಾಮಿಯವರು ಮದ್ರಾಸಿನಿಂದ ಹಡಗು ಹತ್ತಿ ಯೂರೋಪಿಗೆ ಹಿಂತಿರುಗಿದರು. ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳ ಪುಸ್ತಕ ಪ್ರಕಟವಾಯಿತು. ಅದರಲ್ಲಿ ಅವರು ತಮ್ಮ ಬದುಕಿನ ಲೆಕ್ಕ ಕೊಟ್ಟಿದ್ದಾರೆ. 25 ವರ್ಷ ಈ ಜನರಂತೆಯೇ ಉಂಡು, ಉಟ್ಟು, ಬಾಳಿ, ಎಲ್ಲ ಕಷ್ಟ ಸಹಿಸಿ ತಾನು ಕ್ರೈಸ್ತರನ್ನಾಗಿ ಮಾಡಿದ್ದು ಇನ್ನೂರು, ಮುನ್ನೂರು ಜನರನ್ನು. ಅವರಲ್ಲೂ ನಿಜವಾದ ಮನಸ್ಸಿನಿಂದ ಬಂದವರು ಬಹಳ ಕಡಿಮೆ ಎಂದು. ಈ ದೇಶದ ಜನ ಕ್ರಿಸ್ತರನ್ನು ಅರಿಯುವ ಕಾಲ ಮುಗಿದುಹೋಯಿತು ಎನ್ನುವಷ್ಟು ನಿರಾಶೆ. ಆ ಪುಸ್ತಕಕ್ಕೆ ಮಿಷನರಿಗಳಿಂದಲೇ ಪ್ರತ್ಯುತ್ತರಗಳೂ ಬಂದವು.

ಇದೇ ಮನುಷ್ಯ 1803-04ರಲ್ಲಿ ಮೈಸೂರು ಸೀಮೆಯಲ್ಲಿ ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕೆಲಸಕ್ಕೆ ನಿಂತಿದ್ದರು. 25,432 ಜನರಿಗೆ ದೇವಿ ಹಾಕಿಸಿದ ಲೆಕ್ಕ ಅವರ ಹೆಸರಿನಲ್ಲಿದೆ. ಆ ಕೆಲಸವನ್ನು ಎಣಿಸಬಹುದು. ತೋಳಿನ ಮೇಲೆ ಗುರುತು ಉಳಿಯುತ್ತದೆ. ಆದರೆ ಒಬ್ಬ ಮನುಷ್ಯನ ಆತ್ಮದಲ್ಲಿ ವರಪ್ರಸಾದ ಮಾಡುವ ಕೆಲಸವನ್ನು ಯಾವ ದಫ್ತರದಲ್ಲಿ ಬರೆಯುವುದು? ದೊಡ್ಡಸ್ವಾಮಿಯವರ ಶಿಸ್ತಿನಲ್ಲಿ ಎಳ್ಳಷ್ಟೂ ಕೊರತೆ ಇರಲಿಲ್ಲ. ಅವರು ಎಡವಿದ್ದು, ಶಿಸ್ತಿನ ಫಲವನ್ನು ತನ್ನ ಕಾಲದಲ್ಲೇ, ತನ್ನ ಕಣ್ಣಿನಿಂದಲೇ ಎಣಿಸಲು ಹೊರಟಾಗ.

ಆಮೇಲೆ ಏನಾಯಿತು? ಪ್ಯಾರಿಸ್ಸಿಗೆ ಹೋದ ದೊಡ್ಡಸ್ವಾಮಿಯವರು ಸುಮ್ಮನೆ ಕೂರಲಿಲ್ಲ. ತಮ್ಮ ಸಂಸ್ಥೆಯ ಗುರುಮಠದಲ್ಲೇ ಉಳಿದು 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿದ್ದರು. ಫಲ ಕಾಣದಿದ್ದರೂ ಕೆಲಸ ಬಿಡಲಿಲ್ಲ. ಅದು ಅವರ ಶಿಸ್ತಿನ ನಿಜವಾದ ಬೆಲೆ. 1848ರಲ್ಲಿ ಅವರು ತೀರಿಕೊಳ್ಳುವ ಮೊದಲೇ ಮೈಸೂರು ಪುದುಚೇರಿಯಿಂದ ಬೇರೆಯಾಗಿ ಪ್ರತ್ಯೇಕ ಮಿಷನ್ ಕ್ಷೇತ್ರವಾಗಿತ್ತು. 1886ರಲ್ಲಿ ಅದು ಧರ್ಮಕ್ಷೇತ್ರವಾಯಿತು. 1955ರಲ್ಲಿ ಮೈಸೂರಿನಿಂದ ಊಟಿ ಧರ್ಮಕ್ಷೇತ್ರ ಬೇರ್ಪಟ್ಟಿತು. ಮುಗಿಯಿತು ಎಂದು ಅವರು ಬರೆದ ಜಾಗದಲ್ಲಿ ಇವತ್ತಿಗೂ ಭಾನುವಾರ ಕನ್ನಡದಲ್ಲಿ ಬಲಿಪೂಜೆ ನಡೆಯುತ್ತದೆ. ಸಂತ ಪೌಲರು ಕೊರಿಂಥದವರಿಗೆ ಹೇಳಿದ್ದು ಇದನ್ನೇ: ಒಬ್ಬ ನೆಡುತ್ತಾನೆ, ಇನ್ನೊಬ್ಬ ನೀರು ಹಾಕುತ್ತಾನೆ, ಬೆಳೆಸುವವರು ದೇವರು.

ನಮಗೆ ಇದರಿಂದ ಏನು?

ತಾಳವಾಡಿಯ ಬೇಸಾಯಗಾರರ ಮನೆ ಮಕ್ಕಳಿಗೆ ಇದನ್ನು ಉದ್ದವಾಗಿ ವಿವರಿಸಬೇಕಾಗಿಲ್ಲ. ರಾಗಿ ಹೊಲ ಉಳುವುದು ನಾವು. ಕಳೆ ಕೀಳುವುದು ನಾವು. ಆನೆ ಬಾರದಂತೆ ಚಳಿಯಲ್ಲಿ ರಾತ್ರಿಯೆಲ್ಲಾ ಕಾವಲು ಕೂರುವುದು ನಾವು. ಮಳೆ ಮಾತ್ರ ನಮ್ಮ ಕೈಯಲ್ಲಿಲ್ಲ. ಮಳೆ ದೇವರದು ಎಂದು ಉಳದೆ ಕೂತವನ ಹೊಲದಲ್ಲಿ ಮಳೆ ಬಂದರೂ ಕಳೆಯೇ ಬೆಳೆಯುತ್ತದೆ. ನಾನು ಉತ್ತೆನಲ್ಲ ಎಂದು ಮಳೆಯನ್ನು ಅಧಿಕಾರದಿಂದ ಕೇಳುವವನೂ ಇಲ್ಲ. ಸಂತ ಮಾರ್ಕರ ಶುಭಸಂದೇಶದ 4ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಬೆಳೆಯುವ ಬೀಜದ ಸಾಮತಿಯಲ್ಲಿ, ರೈತ ಮಲಗಿ ಏಳುತ್ತಿರುವಾಗಲೇ, ಅವನಿಗೆ ತಿಳಿಯದಂತೆ, ಬೀಜ ಮೊಳೆತು ಬೆಳೆಯುತ್ತದೆ.

ಹಾಗಾಗಿ ಯುವಮಿತ್ರರೇ, ಮೂರು ಸಣ್ಣ ಮಾತು.

ಮೊದಲನೆಯದು, ನಿರ್ಧಾರ ಚಿಕ್ಕದಾಗಿರಲಿ, ಆದರೆ ದಿನವೂ ಇರಲಿ. ಐವತ್ತು ನಿಮಿಷದ ಪ್ರಾರ್ಥನೆ ಎಂದು ಹೊರಟು ನಾಲ್ಕು ದಿನಕ್ಕೆ ಬಿಡುವುದಕ್ಕಿಂತ, ಮಲಗುವ ಮೊದಲು ಹತ್ತು ನಿಮಿಷ ಒಳ್ಳೆಯದು. ಅದಕ್ಕಿಂತ ಮೊದಲು, ಇದನ್ನು ನಡೆಸಲು ಬಲ ಕೊಡು ಎಂದು ಬೇಡಿಕೊಳ್ಳಿ. ಬೇಡುವುದೇ ಶಿಸ್ತಿನ ಮೊದಲ ಹೆಜ್ಜೆ.

ಎರಡನೆಯದು, ತಪ್ಪಿದ ದಿನವೇ ವಾಪಸು ಬನ್ನಿ. ಹದಿನೈದು ವರ್ಷದ ನಂತರ ಬಂದವರಿಗೇ ಶ್ರೀರಂಗಪಟ್ಟಣದಲ್ಲಿ ಬಾಗಿಲು ತೆರೆದಿತ್ತು. ಹದಿನೈದು ದಿನ ಬಿಟ್ಟವರಿಗೆ ಮುಚ್ಚಿರುತ್ತದೆಯೇ? 'ನನಗೆ ಯಾವ ಮುಖ ಇದೆ' ಎನ್ನುವುದು ವಿನಯದಂತೆ ಕಾಣುತ್ತದೆ, ಆದರೆ ಅದು ಜಾನ್ಸೆನರ ಕಾಲದ ಹಳೆಯ ಭಯ. ಪಾಪನಿವೇದನೆಗೆ ಹೋಗಿ, ಹೇಳಿ, ಎದ್ದು ಬನ್ನಿ. ಸ್ವಾಮಿಯವರು ಕೊಟ್ಟ ಪ್ರಾಯಶ್ಚಿತ್ತವನ್ನು ಅಂದೇ ಮಾಡಿ ಮುಗಿಸಿ.

ಮೂರನೆಯದು, ಲೆಕ್ಕ ಇಡಬೇಡಿ. ನಾನು ಎಷ್ಟು ಬದಲಾದೆ ಎಂದು ವಾರವಾರ ಅಳೆಯುತ್ತಾ ಕೂತರೆ ಒಂದೋ ಜಂಬ ಬರುತ್ತದೆ, ಇಲ್ಲವೋ ದೊಡ್ಡಸ್ವಾಮಿಯವರಿಗೆ ಬಂದ ನಿರಾಶೆ. ಜೊತೆಯವರನ್ನೂ ಅಳೆಯಬೇಡಿ. ಯುವಜನರ ಕೂಟಕ್ಕೆ ಬರುವುದನ್ನು ನಿಲ್ಲಿಸಿದ ಗೆಳೆಯನೊಬ್ಬ ನಿಮಗಿದ್ದರೆ, ಅವನು ಯಾಕೆ ಬರುತ್ತಿಲ್ಲ ಎಂದು ತೀರ್ಪು ಹೇಳುವ ಬದಲು ಈ ಭಾನುವಾರ ಅವನ ಮನೆಗೇ ಹೋಗಿ ಕರೆದುಕೊಂಡು ಬನ್ನಿ.

ಜಪಸರದ ಐದು ದಶಕಗಳನ್ನು ಪೂರ್ತಿ ಹೇಳಿದರೆ ಮಾತೆ ಮರಿಯಮ್ಮನವರನ್ನು 53 ಸಲ ವರಪ್ರಸಾದದ ಹೆಸರಿನಿಂದ ಕರೆಯುತ್ತೇವೆ. ಬಾಯಲ್ಲಿ ವರಪ್ರಸಾದ, ಬೆರಳಲ್ಲಿ ಒಂದೊಂದೇ ಮಣಿ ಸರಿಸುವ ಶಿಸ್ತು. ನಮ್ಮ ಅಜ್ಜಿಯಂದಿರು ಯಾವ ವಾದವೂ ಇಲ್ಲದೆ ಎರಡನ್ನೂ ಒಟ್ಟಿಗೆ ಹಿಡಿದಿದ್ದರು. ನಾವೂ ಹಿಡಿಯೋಣ. ಪ್ರಭು ಕ್ರಿಸ್ತರು ನಿಮ್ಮೆಲ್ಲರನ್ನೂ ಹರಸಲಿ.